ನಮ್ಮ ಕಾರಿನ ಇಂಜಿನನ್ನು ಆರಿಸಿದವರು ಯಾರು?

ನಮ್ಮ ಓಣಿಯಲ್ಲಿ ಒಂದು ನಿಕಾಹ್ ಇತ್ತು. ಬೆಂಗಳೂರಿನಿಂದ ಬಂದ ಬೀಗರ ದೊಡ್ಡ ಕಾರೊಂದು ಸದ್ದಿಲ್ಲದೆ ಬಂದು ಮನೆಯ ಮುಂದೆ ನಿಂತಿತು. ಇಂಜಿನ್ನಿನ ಗುಡುಗುಡು ಶಬ್ದವೇ ಇಲ್ಲ. ಮಕ್ಕಳೆಲ್ಲ ಕಾರನ್ನು ಸುತ್ತುವರಿದರು. "ಇದು ಹೈಬ್ರಿಡ್ ಗಾಡಿ" ಎಂದು ಚಾಲಕ ಹೆಮ್ಮೆಯಿಂದ ಹೇಳಿದ. ಬಾಗಿಲಲ್ಲಿ ಕುಳಿತಿದ್ದ ನಮ್ಮ ದೊಡ್ಡ ಖಾಲಾ ಕೂಡಲೇ ಕೇಳಿದರು: "ಹೈಬ್ರಿಡ್ ಅಂದ್ರ ಬೀಜ ಅಲ್ಲೇನು? ಗಾಡಿಗೂ ಹೈಬ್ರಿಡ್ ಬಂತೇನು?"

ಎಲ್ಲರೂ ನಕ್ಕರು. ಆದರೆ ಖಾಲಾ ಕೇಳಿದ್ದು ನಗುವ ಪ್ರಶ್ನೆಯಲ್ಲ. ರಾಣೆಬೆನ್ನೂರಿನಲ್ಲಿ ಹೈಬ್ರಿಡ್ ಎಂದರೆ ಬೀಜವೇ. ಹತ್ತಿ, ಟೊಮೆಟೊ, ಮೆಣಸಿನಕಾಯಿಯ ಬೀಜೋತ್ಪಾದನೆಗೆ ನಮ್ಮ ತಾಲ್ಲೂಕು ಹೆಸರುವಾಸಿ. ಬೆಳಗಿನಿಂದ ಸಂಜೆಯವರೆಗೆ ಹೊಲದಲ್ಲಿ ನಿಂತು ಒಂದು ಹೂವಿನ ಪರಾಗವನ್ನು ಇನ್ನೊಂದು ಹೂವಿಗೆ ಮುಟ್ಟಿಸುವ ಸೂಕ್ಷ್ಮ ಕೆಲಸವನ್ನು ಮಾಡುವವರು ಹೆಚ್ಚಾಗಿ ಹೆಣ್ಣುಮಕ್ಕಳೇ. ಖಾಲಾ ಕೂಡ ಒಂದು ಕಾಲದಲ್ಲಿ ಆ ಕೂಲಿ ಮಾಡಿದವರು. ಈ ವರ್ಷ ಯಾವ ಬೀಜ ಬೆಳೆಯಬೇಕೆಂದು ತೀರ್ಮಾನಿಸುವುದು ನೆಲ ಮತ್ತು ಮಳೆ ಮಾತ್ರವಲ್ಲ, ಮಾರುಕಟ್ಟೆಯಲ್ಲಿ ಯಾವುದು ಓಡುತ್ತದೆ ಎಂಬ ಲೆಕ್ಕವೂ ಹೌದು ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಬ್ಯಾಡಗಿಯ ರೈತ ಖಾರ ಕಡಿಮೆ, ಬಣ್ಣ ಹೆಚ್ಚು ಇರುವ ಕಾಯಿಯನ್ನೇ ಯಾಕೆ ಬೆಳೆಯುತ್ತಾನೆ? ಕೊಳ್ಳುವವರು ಬಣ್ಣಕ್ಕೆ ಬೆಲೆ ಕೊಡುತ್ತಾರೆ, ಅದಕ್ಕೆ.

ಕಾರಿನ ವಿಷಯದಲ್ಲೂ ಹಾಗೆಯೇ. ಪೆಟ್ರೋಲ್, ಡೀಸೆಲ್, ಸಿ.ಎನ್.ಜಿ., ಹೈಬ್ರಿಡ್, ಎಲೆಕ್ಟ್ರಿಕ್ – ಇವುಗಳಲ್ಲಿ ಯಾವುದು ನಮ್ಮ ಮನೆಯ ಮುಂದೆ ಬಂದು ನಿಲ್ಲಬೇಕೆಂಬುದನ್ನು ಇಂಜಿನಿಯರುಗಳು ಮಾತ್ರ ತೀರ್ಮಾನಿಸುವುದಿಲ್ಲ. ಎದುರಾಳಿ ಕಂಪನಿ ಏನು ಮಾರುತ್ತಿದೆ, ಸರಕಾರ ಎಷ್ಟು ತೆರಿಗೆ ಹಾಕಿದೆ, ಇಂಧನದ ಬೆಲೆ ಎಷ್ಟು ಎಂಬ ಮೂರು ಲೆಕ್ಕಗಳು ಸೇರಿ ಅದನ್ನು ತೀರ್ಮಾನಿಸುತ್ತವೆ. ಇದನ್ನು ಅರಿಯದೆ ಕಾರು ಕೊಳ್ಳುವ ಕುಟುಂಬ ಎಷ್ಟೋ ಸಲ ಬೇರೆಯವರ ಲೆಕ್ಕಕ್ಕೆ ತನ್ನ ಹಣ ಕೊಡುತ್ತದೆ. ನಮ್ಮ ಮನೆಯಲ್ಲೇ ಹಾಗಾಯಿತು. ಅದನ್ನು ಮುಂದೆ ಹೇಳುತ್ತೇನೆ.

ಹೊಲಿಗೆ ಯಂತ್ರದ ಪಾಠ

ಮೊದಲು ಒಂದು ಸಣ್ಣ ಪಾಠ. ಮನೆಯಲ್ಲಿರುವ ಹೊಲಿಗೆ ಯಂತ್ರವನ್ನು ನೆನಪಿಸಿಕೊಳ್ಳಿ. ಕಾಲಿನಿಂದ ಪೆಡಲ್ ತುಳಿದರೆ ಕೆಳಗಿನ ದೊಡ್ಡ ಚಕ್ರ ತಿರುಗುತ್ತದೆ, ಬೆಲ್ಟ್ ಆ ಶಕ್ತಿಯನ್ನು ಮೇಲಿನ ಚಕ್ರಕ್ಕೆ ಒಯ್ಯುತ್ತದೆ, ಅಲ್ಲಿಂದ ಸೂಜಿ ಮೇಲೆ ಕೆಳಗೆ ಆಡುತ್ತದೆ. ಕಾರಿನಲ್ಲಿ ನಮ್ಮ ಕಾಲಿನ ಕೆಲಸವನ್ನು ಇಂಜಿನ್ ಮಾಡುತ್ತದೆ. ಬೆಲ್ಟಿನ ಕೆಲಸವನ್ನು ಕ್ಲಚ್, ಗೇರುಪೆಟ್ಟಿಗೆ ಮತ್ತು ಉಕ್ಕಿನ ದಂಡಗಳು ಮಾಡುತ್ತವೆ. ಸೂಜಿಯ ಜಾಗದಲ್ಲಿ ಚಕ್ರಗಳಿವೆ. ಇಂಜಿನ್ನಿನಿಂದ ಚಕ್ರದವರೆಗಿನ ಈ ಇಡೀ ಸಾಲನ್ನೇ ತಂತ್ರಜ್ಞರು ಡ್ರೈವ್‌ಟ್ರೇನ್ ಎನ್ನುತ್ತಾರೆ.

ಈಗ ಅನೇಕರು ಹೊಲಿಗೆ ಯಂತ್ರಕ್ಕೆ ಸಣ್ಣ ಕರೆಂಟ್ ಮೋಟಾರ್ ಕೂರಿಸಿಕೊಂಡಿದ್ದಾರೆ. ಪೆಡಲ್ ಪೂರ್ತಿ ತೆಗೆದು ಮೋಟಾರ್ ಒಂದನ್ನೇ ಇಟ್ಟರೆ ಅದು ಎಲೆಕ್ಟ್ರಿಕ್ ಕಾರಿದ್ದಂತೆ. ಪೆಡಲ್ ಮತ್ತು ಮೋಟಾರ್ ಎರಡನ್ನೂ ಇಟ್ಟುಕೊಂಡು ಅಗತ್ಯ ಬಿದ್ದಂತೆ ಬಳಸಿದರೆ ಅದು ಹೈಬ್ರಿಡ್. ಹೈಬ್ರಿಡ್ ಕಾರು ನಿಧಾನವಾಗಿ ಚಲಿಸುವಾಗ ಹೆಚ್ಚಾಗಿ ಮೋಟಾರಿನಿಂದ, ವೇಗವಾಗಿ ಹೋಗುವಾಗ ಪೆಟ್ರೋಲ್ ಇಂಜಿನ್ನಿನಿಂದ ಓಡುತ್ತದೆ. ಬ್ರೇಕ್ ಹಾಕಿದಾಗ ವ್ಯರ್ಥವಾಗುವ ಶಕ್ತಿಯನ್ನು ಬ್ಯಾಟರಿಗೆ ತುಂಬಿಕೊಳ್ಳುತ್ತದೆ. ಬೀಗರ ಕಾರು ಸದ್ದಿಲ್ಲದೆ ಬಂದು ನಿಂತದ್ದು ಇದೇ ಕಾರಣಕ್ಕೆ.

ಡೀಸೆಲ್ ಕಾರಿನ ಸುಗ್ಗಿ

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಾಗ ನಮ್ಮ ಮಧ್ಯಮ ವರ್ಗದ ಕಾರು ಎಂದರೆ ಪೆಟ್ರೋಲ್ ಕಾರೇ ಆಗಿತ್ತು. ಡೀಸೆಲ್ ಎಂದರೆ ಲಾರಿ, ಟ್ರ್ಯಾಕ್ಟರ್, ಟೆಂಪೊ. 1998ರ ಡಿಸೆಂಬರಿನಲ್ಲಿ ಟಾಟಾ ಕಂಪನಿ ಇಂಡಿಕಾ ತಂದು ಈ ಲೆಕ್ಕವನ್ನು ಬದಲಿಸಿತು. ಸಣ್ಣ ಕಾರು, ಒಳಗೆ ವಿಶಾಲ ಜಾಗ, 1.4 ಲೀಟರ್ ಡೀಸೆಲ್ ಇಂಜಿನ್. ಅಂದಿನ ದಿನಗಳಲ್ಲಿ ಸರಕಾರ ಡೀಸೆಲ್ ಬೆಲೆಯನ್ನು ರೈತರು ಮತ್ತು ಸಾಗಾಟದ ಸಲುವಾಗಿ ತಗ್ಗಿಸಿ ಇಟ್ಟಿತ್ತು. ಆ ತಗ್ಗಿದ ಬೆಲೆಯ ಲಾಭ ಕಾರಿನ ಮಾಲೀಕನಿಗೂ ಸಿಕ್ಕಿತು. ಟ್ಯಾಕ್ಸಿ ಓಡಿಸುವವರೆಲ್ಲ ಇಂಡಿಕಾಕ್ಕೆ ಮುಗಿಬಿದ್ದರು.

ಎದುರಾಳಿಗಳು ಕೈಕಟ್ಟಿ ಕೂರಲಿಲ್ಲ. ಮಾರುತಿ ಕಂಪನಿ 2005ರಲ್ಲಿ ತಂದ ಸ್ವಿಫ್ಟ್ ಪೆಟ್ರೋಲ್ ಕಾರಾಗಿತ್ತು. 2007ರಲ್ಲಿ ಅದಕ್ಕೆ ಇಟಲಿಯ ಫಿಯಟ್ ಕಂಪನಿಯ ತಂತ್ರಜ್ಞಾನದ 1.3 ಲೀಟರ್ ಡೀಸೆಲ್ ಇಂಜಿನ್ ಕೂರಿಸಿತು. ಅದೇ ಇಂಜಿನ್ ಫಿಯಟ್ ಕಾರಿನಲ್ಲೂ ಇತ್ತು, ಟಾಟಾದ ಇಂಡಿಕಾ ವಿಸ್ಟಾದಲ್ಲೂ ಬಂತು. ಹೊರಗೆ ಒಬ್ಬರನ್ನೊಬ್ಬರು ಸೋಲಿಸಲು ನಿಂತ ಮೂರು ಕಂಪನಿಗಳ ಬಾನೆಟ್ ಎತ್ತಿದರೆ ಒಳಗೆ ಒಂದೇ ಇಂಜಿನ್! ಸ್ವಂತವಾಗಿ ಹೊಸ ಇಂಜಿನ್ ರೂಪಿಸಲು ವರ್ಷಗಳೂ ನೂರಾರು ಕೋಟಿ ರೂಪಾಯಿಗಳೂ ಬೇಕು. ಆದರೆ ಗಿರಾಕಿ ಇವತ್ತೇ ಡೀಸೆಲ್ ಕೇಳುತ್ತಿದ್ದಾನೆ. ಹಾಗಿರುವಾಗ ನೆರೆಮನೆಯಿಂದ ಹಿಟ್ಟು ಕಡ ತಂದು ರೊಟ್ಟಿ ಮಾಡಿದಂತೆ ಇಂಜಿನ್ ತರುವುದೇ ಜಾಣತನವಾಯಿತು.

2010ರ ಜೂನ್ ತಿಂಗಳಲ್ಲಿ ಕೇಂದ್ರ ಸರಕಾರ ಪೆಟ್ರೋಲ್ ಬೆಲೆಯ ಮೇಲಿನ ಹಿಡಿತವನ್ನು ಬಿಟ್ಟಿತು, ಡೀಸೆಲ್ ಮೇಲಿನದನ್ನು ಬಿಡಲಿಲ್ಲ. ಎರಡರ ನಡುವಿನ ಅಂತರ ಬೆಳೆಯುತ್ತಾ ಹೋಯಿತು. 2012ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ಪೆಟ್ರೋಲ್ ಲೀಟರಿಗೆ 73 ರೂಪಾಯಿ ದಾಟಿದಾಗ ಡೀಸೆಲ್ 41 ರೂಪಾಯಿಯ ಆಸುಪಾಸಿನಲ್ಲಿತ್ತು. ಆ ವರ್ಷಗಳಲ್ಲಿ ದೇಶದಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಡೀಸೆಲ್ ಕಾರುಗಳು. ಷೆವರ್ಲೆ ಕಂಪನಿ 2011ರಲ್ಲಿ ಒಂದು ಲೀಟರಿಗೂ ಕಡಿಮೆ, 936 ಸಿ.ಸಿ.ಯ ಡೀಸೆಲ್ ಇಂಜಿನ್ನನ್ನು ಪುಟ್ಟ ಬೀಟ್ ಕಾರಿಗೆ ಹಾಕಿತು. ಪೆಟ್ರೋಲ್ ಇಂಜಿನ್ನಿಗೇ ಹೆಸರಾದ ಹೋಂಡಾ ಕಂಪನಿಯ ಬಳಿ ಭಾರತದಲ್ಲಿ ಮಾರಲು ಒಂದು ಡೀಸೆಲ್ ಕಾರೂ ಇರಲಿಲ್ಲ. ಗಿರಾಕಿಗಳು ಪಕ್ಕದ ಷೋರೂಮಿಗೆ ಹೋಗುವುದನ್ನು ನೋಡಿ ಅದು ಕೂಡ 2013ರ ಏಪ್ರಿಲಿನಲ್ಲಿ ಅಮೇಜ್ ಕಾರಿನೊಂದಿಗೆ ಡೀಸೆಲ್‌ಗೆ ಇಳಿಯಬೇಕಾಯಿತು. ಮನಸ್ಸಿಲ್ಲದವರನ್ನೂ ಸಂತೆಗೆ ಎಳೆದು ತರುವ ಶಕ್ತಿ ಪೈಪೋಟಿಗಿದೆ.

ಬಳೆ ಹೋಯಿತು, ಲೆಕ್ಕ ಬರಲಿಲ್ಲ

ನನ್ನ ತಮ್ಮ ಕಾರು ಕೊಂಡದ್ದು ಅದೇ 2013ರಲ್ಲಿ. ಅವನಿಗೆ ಊರಲ್ಲೇ ಅಂಗಡಿ. ಮಕ್ಕಳನ್ನು ಶಾಲೆಗೆ ಬಿಡುವುದು, ವಾರಕ್ಕೊಮ್ಮೆ ಹಾವೇರಿ ಅಥವಾ ಬ್ಯಾಡಗಿ, ವರ್ಷಕ್ಕೆ ಎರಡು ಸಲ ಬೆಂಗಳೂರು – ಇಷ್ಟೇ ಓಡಾಟ. ಆದರೆ ಕಂಡವರೆಲ್ಲ "ಡೀಸೆಲ್ ತಗೋ, ಪೆಟ್ರೋಲ್ ಯಾರು ತಗೋತಾರೆ?" ಎಂದರು. ಡೀಸೆಲ್ ಕಾರಿನ ಬೆಲೆ ಒಂದು ಲಕ್ಷ ಹೆಚ್ಚು. ಆ ಒಂದು ಲಕ್ಷಕ್ಕಾಗಿ ಅವನ ಹೆಂಡತಿ ತನ್ನ ನಾಲ್ಕು ಬಳೆಗಳನ್ನು ತೆಗೆದುಕೊಟ್ಟಳು. "ಡೀಸೆಲ್ ಉಳಿತಾಯದಲ್ಲಿ ಎರಡೇ ವರ್ಷದಲ್ಲಿ ಮಾಡಿಸಿಕೊಡ್ತೀನಿ" ಎಂಬ ಮಾತಾಗಿತ್ತು.

ನಾನೊಮ್ಮೆ ಕಾಗದ ಹಿಡಿದು ಕುಳಿತೆ. ತಿಂಗಳಿಗೆ 500 ಕಿಲೋಮೀಟರ್ ಎಂದರೆ ವರ್ಷಕ್ಕೆ 6,000. ಪೆಟ್ರೋಲ್ ಕಾರು ಲೀಟರಿಗೆ 15 ಕಿ.ಮೀ. ಕೊಟ್ಟರೆ 400 ಲೀಟರ್, ಡೀಸೆಲ್ ಕಾರು 20 ಕಿ.ಮೀ. ಕೊಟ್ಟರೆ 300 ಲೀಟರ್. 73 ಮತ್ತು 41 ರೂಪಾಯಿಯ ಲೆಕ್ಕದಲ್ಲಿ ಖರ್ಚು 29,200 ಮತ್ತು 12,300. ಉಳಿತಾಯ ವರ್ಷಕ್ಕೆ 16,900 ರೂಪಾಯಿ. ಅಂದರೆ ಒಂದು ಲಕ್ಷ ಹಿಂದಿರುಗಲು ಸುಮಾರು ಆರು ವರ್ಷ! ಅದೂ ಡೀಸೆಲ್ ಬೆಲೆ ಏರದಿದ್ದರೆ, ಸರ್ವಿಸ್ ಖರ್ಚು ಸಮನಾಗಿದ್ದರೆ. ಅದೇ ತಿಂಗಳಿಗೆ 2,000 ಕಿ.ಮೀ. ಓಡಿಸುವ ಟ್ಯಾಕ್ಸಿಯವನಿಗೆ ಒಂದೂವರೆ ವರ್ಷದಲ್ಲಿ ಹಣ ವಾಪಸು ಬರುತ್ತದೆ. ಟ್ಯಾಕ್ಸಿಯವನ ಲೆಕ್ಕ ಸರಿಯಾಗಿತ್ತು. ನಾವು ಅವನ ಲೆಕ್ಕವನ್ನು ನಮ್ಮ ಮನೆಗೆ ತಂದುಕೊಂಡಿದ್ದೆವು.

ಡೀಸೆಲ್ ಬೆಲೆಯೂ ನಿಂತಲ್ಲಿ ನಿಲ್ಲಲಿಲ್ಲ. 2013ರ ಜನವರಿಯಿಂದಲೇ ಸರಕಾರ ಅದನ್ನು ತಿಂಗಳಿಗೆ ಸುಮಾರು 50 ಪೈಸೆಯಂತೆ ಏರಿಸತೊಡಗಿತ್ತು. 2014ರ ಅಕ್ಟೋಬರಿನಲ್ಲಿ ಡೀಸೆಲನ್ನೂ ಮಾರುಕಟ್ಟೆಗೆ ಬಿಟ್ಟುಕೊಟ್ಟಿತು. ಅಂತರ ಕರಗಿತು. 2021ರಲ್ಲಿ ಕಾರು ಮಾರಲು ಹೋದಾಗ ಬಂದವರೆಲ್ಲ "ಹಳೇ ಡೀಸೆಲ್ ಯಾರಿಗೆ ಬೇಕು?" ಎಂದರು. ಬಳೆಗಳು ಇನ್ನೂ ಬಂದಿಲ್ಲ.

ಗಾಳಿ ತಿರುಗಿದಾಗ

ಜನ ಹಾಗೆ ಹೇಳಲು ಕಾರಣವಿತ್ತು. 2015ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿ ಡೀಸೆಲ್ ಹೊಗೆಯ ಪರೀಕ್ಷೆಯಲ್ಲಿ ಮೋಸ ಮಾಡಿದ್ದು ಅಮೆರಿಕದಲ್ಲಿ ಬಯಲಾಗಿ ಜಗತ್ತಿನಾದ್ಯಂತ ಡೀಸೆಲ್‌ನ ಮಾನ ಹೋಯಿತು. ಅದೇ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ದೆಹಲಿ ಸುತ್ತಮುತ್ತ 2,000 ಸಿ.ಸಿ. ಮತ್ತು ಅದಕ್ಕಿಂತ ದೊಡ್ಡ ಡೀಸೆಲ್ ಕಾರುಗಳ ನೋಂದಣಿಯನ್ನು ತಡೆಯಿತು. ಮಹೀಂದ್ರ ಕಂಪನಿ ಕೆಲವೇ ವಾರಗಳಲ್ಲಿ 1.99 ಲೀಟರಿನ ಡೀಸೆಲ್ ಇಂಜಿನ್ ತಂದಿತು. ಅಂದರೆ ಗೆರೆಗಿಂತ ಒಂದು ಕೂದಲೆಳೆ ಕೆಳಗೆ! ಇಂಜಿನ್ನಿನ ಗಾತ್ರವನ್ನು ಅಲ್ಲಿ ಅಳೆದದ್ದು ಕಾನೂನಿನ ಅಡಿಕೋಲು. 2016ರ ಆಗಸ್ಟಿನಲ್ಲಿ ಶೇ. 1ರ ಹಸಿರು ಶುಲ್ಕದೊಂದಿಗೆ ಆ ತಡೆ ತೆರವಾಯಿತು.

ಆಮೇಲೆ ಬಂದದ್ದು ಬಿ.ಎಸ್. 6 ಎಂಬ ಹೊಗೆ ನಿಯಮ. ಐದನೆಯ ಮೆಟ್ಟಿಲನ್ನೇ ಹಾರಿ ದೇಶ ನಾಲ್ಕರಿಂದ ಆರಕ್ಕೆ ಜಿಗಿಯಿತು. 2020ರ ಏಪ್ರಿಲ್ 1ರಿಂದ ಜಾರಿ. ಪೆಟ್ರೋಲ್ ಕಾರನ್ನು ಈ ನಿಯಮಕ್ಕೆ ಹೊಂದಿಸಲು ಆಗುವ ಖರ್ಚಿಗಿಂತ ಡೀಸೆಲ್ ಕಾರನ್ನು ಹೊಂದಿಸುವ ಖರ್ಚು ಬಹಳ ಹೆಚ್ಚು. ಹತ್ತು ಲಕ್ಷದೊಳಗಿನ ಸಣ್ಣ ಕಾರಿಗೆ ಆ ಖರ್ಚು ಸೇರಿಸಿದರೆ ಗಿರಾಕಿ ಹತ್ತಿರ ಬರುವುದಿಲ್ಲ. ಮಾರುತಿ ಕಂಪನಿ 2019ರ ಏಪ್ರಿಲಿನಲ್ಲೇ ಡೀಸೆಲ್ ಬಿಡುವುದಾಗಿ ಘೋಷಿಸಿತು. ಗಮನಿಸಿ, ಅದೇ ಮಾರುತಿ 2015ರಲ್ಲಿ ಸ್ವಂತವಾಗಿ ಎರಡು ಸಿಲಿಂಡರಿನ 793 ಸಿ.ಸಿ. ಡೀಸೆಲ್ ಇಂಜಿನ್ ರೂಪಿಸಿ ಸೆಲೆರಿಯೊ ಕಾರಿಗೆ ಹಾಕಿತ್ತು; ಎರಡು ವರ್ಷದೊಳಗೆ ನಿಲ್ಲಿಸಿತು. 2019ರಲ್ಲಿ ಸ್ವಂತ 1.5 ಲೀಟರಿನ ಇನ್ನೊಂದು ಡೀಸೆಲ್ ಇಂಜಿನ್ ತಂದಿತು. ಒಂದೇ ವರ್ಷಕ್ಕೆ ಅದೂ ನಿಂತಿತು. ಅವು ಕೆಟ್ಟ ಇಂಜಿನ್‌ಗಳೆಂದು ನಿಲ್ಲಿಸಿದ್ದಲ್ಲ. ಮಾರುಕಟ್ಟೆಯ ಋತು ಬದಲಾಗಿತ್ತು, ಅಷ್ಟೆ.

ಮಾರುತಿ ಬಿಟ್ಟ ಜಾಗವನ್ನು ಎಲ್ಲರೂ ಬಿಡಲಿಲ್ಲ. ಮಹೀಂದ್ರ, ಟಾಟಾ, ಹುಂಡೈ, ಕಿಯಾ ಕಂಪನಿಗಳು ದೊಡ್ಡ ಗಾಡಿಗಳಲ್ಲಿ ಡೀಸೆಲ್ ಉಳಿಸಿಕೊಂಡವು. ಭಾರದ ಗಾಡಿ, ದೂರದ ಪ್ರಯಾಣ ಬೇಕೆನ್ನುವ ಗಿರಾಕಿಗಳೆಲ್ಲ ಅವರ ಪಾಲಾದರು. ಹೋಂಡಾ 2023ರಲ್ಲಿ ಡೀಸೆಲ್‌ನಿಂದ ಪೂರ್ತಿ ಹೊರನಡೆಯಿತು. ಒಬ್ಬರು ಬಿಡುವುದು, ಇನ್ನೊಬ್ಬರು ಹಿಡಿಯುವುದು – ಎರಡೂ ಪೈಪೋಟಿಯ ನಡೆಗಳೇ.

ಬಿಡದಿಯ ಎರಡು ಇನ್ನೋವಾಗಳು

ಈಗ ನಮ್ಮ ರಾಜ್ಯದ ಕಥೆಗೆ ಬರೋಣ. ರಾಣೆಬೆನ್ನೂರಿನಿಂದ ಹೊಳೆ ದಾಟಿದರೆ ಹರಿಹರ. ಅಲ್ಲಿನ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಯಂತ್ರಗಳ ಬಗ್ಗೆ ನಮ್ಮ ಹಿರಿಯರು ಇಂದೂ ಮಾತಾಡುತ್ತಾರೆ. ಅದೇ ಕಿರ್ಲೋಸ್ಕರ್ ಮನೆತನದವರು ಜಪಾನಿನ ಟೊಯೋಟಾ ಜತೆ ಸೇರಿ 1997ರಲ್ಲಿ ಕಂಪನಿ ಕಟ್ಟಿ, ಬೆಂಗಳೂರು–ಮೈಸೂರು ರಸ್ತೆಯ ಬಿಡದಿಯಲ್ಲಿ ಕಾರು ಕಾರ್ಖಾನೆ ಸ್ಥಾಪಿಸಿದರು. 2000ದಲ್ಲಿ ಕ್ವಾಲಿಸ್ ಬಂತು, 2005ರಲ್ಲಿ ಅದರ ಜಾಗಕ್ಕೆ ಇನ್ನೋವಾ ಬಂತು. ಎರಡರಲ್ಲೂ ಮುಂದೆ ಡೀಸೆಲ್ ಇಂಜಿನ್, ಉದ್ದನೆಯ ದಂಡದ ಮೂಲಕ ಹಿಂದಿನ ಚಕ್ರಕ್ಕೆ ಶಕ್ತಿ. ಲಾರಿಯಂತೆ ಗಟ್ಟಿ ಚಾಸಿ. ಮದುವೆ ದಿಬ್ಬಣ, ಹಜ್ ಯಾತ್ರಿಕರನ್ನು ಬೀಳ್ಕೊಡಲು ವಿಮಾನ ನಿಲ್ದಾಣ, ಹುಬ್ಬಳ್ಳಿಯ ಆಸ್ಪತ್ರೆ – ಇನ್ನೋವಾ ಹತ್ತದ ಕುಟುಂಬ ನಮ್ಮಲ್ಲಿ ಯಾವುದಿದೆ?

ದೆಹಲಿಯಲ್ಲಿ 2015–16ರ ತಡೆ ಬಂದಾಗ ದೊಡ್ಡ ಪೆಟ್ಟು ತಿಂದವುಗಳಲ್ಲಿ ಇನ್ನೋವಾ ಕೂಡ ಒಂದು. ಅದರ ಡೀಸೆಲ್ ಇಂಜಿನ್‌ಗಳೆಲ್ಲ 2,000 ಸಿ.ಸಿ.ಗಿಂತ ದೊಡ್ಡವು. 2016ರ ಮೇ ತಿಂಗಳಲ್ಲಿ ಡೀಸೆಲ್ ಇನ್ನೋವಾ ಕ್ರಿಸ್ಟಾ ತಂದ ಕಂಪನಿ ಆಗಸ್ಟಿನಲ್ಲಿ ಅದಕ್ಕೆ ಪೆಟ್ರೋಲ್ ಇಂಜಿನ್ನನ್ನೂ ಸೇರಿಸಿತು. ಒಂದೇ ಬುಟ್ಟಿಯಲ್ಲಿ ಎಲ್ಲ ಮೊಟ್ಟೆ ಇಡಬಾರದೆಂಬುದು ಎಷ್ಟು ಹಳೆಯ ಪಾಠ!

ಟೊಯೋಟಾದ ಕೈಯಲ್ಲಿ ಇನ್ನೊಂದು ವಿದ್ಯೆ ಇತ್ತು. 1997ರಲ್ಲೇ ಜಪಾನಿನಲ್ಲಿ ಪ್ರಿಯಸ್ ಎಂಬ ಹೈಬ್ರಿಡ್ ಕಾರನ್ನು ಮಾರುಕಟ್ಟೆಗೆ ಬಿಟ್ಟ ಕಂಪನಿ ಅದು. 2022ರ ನವೆಂಬರಿನಲ್ಲಿ ಬಿಡದಿಯ ಹೊಸ ಇನ್ನೋವಾ ಹೈಕ್ರಾಸ್ ಅನಾವರಣವಾದಾಗ ಅದರಲ್ಲಿ ಡೀಸೆಲ್ ಇಂಜಿನ್ನೇ ಇರಲಿಲ್ಲ! ಎರಡು ಲೀಟರಿನ ಪೆಟ್ರೋಲ್ ಇಂಜಿನ್. ಹೈಬ್ರಿಡ್ ಬೇಕೆಂದವರಿಗೆ ಅದರ ಜತೆ ಮೋಟಾರ್. ಚಾಸಿ ಹೋಗಿ ಸಣ್ಣ ಕಾರುಗಳಂತೆ ಒಂದೇ ತುಂಡಿನ ದೇಹ ಬಂತು. ಶಕ್ತಿ ಹೋಗುವುದು ಮುಂದಿನ ಚಕ್ರಕ್ಕೆ. ಹಿಂದಕ್ಕೆ ಹೋಗುವ ದಂಡವಿಲ್ಲದ್ದರಿಂದ ಒಳಗಿನ ನೆಲ ಸಮತಟ್ಟಾಗಿ, ಮಕ್ಕಳೂ ಹಿರಿಯರೂ ಕಾಲು ಚಾಚಿ ಕೂರುವಂತಾಯಿತು. ಕಂಪನಿಯ ಉಪಾಧ್ಯಕ್ಷ ವಿಕ್ರಂ ಕಿರ್ಲೋಸ್ಕರ್ ಅವರು ಈ ಅನಾವರಣದ ಕೆಲವೇ ದಿನಗಳಲ್ಲಿ, ನವೆಂಬರ್ 29ರಂದು ತೀರಿಕೊಂಡರು.

ಹಾಗಾದರೆ ಡೀಸೆಲ್ ಇನ್ನೋವಾ ಮುಗಿಯಿತೇ? ಇಲ್ಲ. ಟ್ಯಾಕ್ಸಿ ಮಾಲೀಕರು, ದೂರದ ರಸ್ತೆಯಲ್ಲಿ ದಿನವಿಡೀ ಓಡಿಸುವವರು ಹಳೆಯ ಗಟ್ಟಿ ಗಾಡಿಯನ್ನೇ ಕೇಳಿದರು. ಬುಕಿಂಗ್ ನಿಲ್ಲಿಸಿದ್ದ ಕ್ರಿಸ್ಟಾವನ್ನು ಕಂಪನಿ 2023ರಲ್ಲಿ ಡೀಸೆಲ್ ಇಂಜಿನ್ ಮತ್ತು ಕೈಗೇರಿನೊಂದಿಗೆ ಮತ್ತೆ ತಂದಿತು. ಒಂದೇ ಕಾರ್ಖಾನೆಯಿಂದ ಒಂದೇ ಹೆಸರಿನ ಎರಡು ಗಾಡಿಗಳು ಹೊರಬಂದವು: ಒಂದು ಮುಂದಿನ ಚಕ್ರದ ಪೆಟ್ರೋಲ್ ಹೈಬ್ರಿಡ್, ಇನ್ನೊಂದು ಹಿಂದಿನ ಚಕ್ರದ ಡೀಸೆಲ್. ತಂತ್ರಜ್ಞಾನದಲ್ಲಿ "ಅತ್ಯುತ್ತಮ" ಎಂಬುದು ಒಂದೇ ಇದ್ದಿದ್ದರೆ ಕಂಪನಿ ಎರಡನ್ನು ಮಾಡುವ ಅಗತ್ಯವೇನಿತ್ತು? ಡೀಸೆಲ್ ನಿಲ್ಲಿಸಿದ್ದರೆ ಆ ಗಿರಾಕಿ ಮಹೀಂದ್ರದ ಬಾಗಿಲಿಗೆ ಹೋಗುತ್ತಿದ್ದ. ಎರಡು ಗಾಡಿಗಳ ಹಿಂದಿನ ಸರಳ ಸತ್ಯ ಇಷ್ಟೇ.

ಮಾರುತಿ ಕೂಡ ಇದೇ ಬಿಡದಿಗೆ ಬಂದದ್ದು ಇನ್ನೊಂದು ಕುತೂಹಲದ ಸಂಗತಿ. ಡೀಸೆಲ್ ಬಿಟ್ಟ ಮೇಲೆ ಅದಕ್ಕೆ ಹೆಚ್ಚು ಮೈಲೇಜಿನ ದೊಡ್ಡ ಕಾರು ಬೇಕಿತ್ತು, ಟೊಯೋಟಾಕ್ಕೆ ಹೆಚ್ಚು ಮಾರಾಟ ಬೇಕಿತ್ತು. ಇಬ್ಬರೂ ಕೈ ಜೋಡಿಸಿದರು. 2022ರಿಂದ ಮಾರುತಿಯ ಗ್ರ್ಯಾಂಡ್ ವಿಟಾರಾ ಮತ್ತು ಟೊಯೋಟಾದ ಹೈರೈಡರ್ ಎರಡೂ ಬಿಡದಿಯಲ್ಲೇ ತಯಾರಾಗತೊಡಗಿದವು; ಇವುಗಳ ಹೈಬ್ರಿಡ್ ಮಾದರಿಗಳ ಒಳಗಿರುವುದು ಒಂದೇ ಯಂತ್ರ. ಫಿಯಟ್‌ನ ಕಡದ ಹಿಟ್ಟಿನ ಕಥೆಯೇ ಹದಿನೈದು ವರ್ಷಗಳ ನಂತರ ಮರಳಿ ಬಂದಂತಾಯಿತು.

ತರಗತಿಯ ಸರಾಸರಿ ಅಂಕ

ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಡೆಗೆ ಕಂಪನಿಗಳನ್ನು ದೂಡುವ ಇನ್ನೊಂದು ನಿಯಮವಿದೆ. ಒಂದು ಕಂಪನಿ ವರ್ಷವಿಡೀ ಮಾರಿದ ಎಲ್ಲ ಕಾರುಗಳ ಹೊಗೆಯ ಸರಾಸರಿ ಒಂದು ಮಿತಿಯೊಳಗೆ ಇರಬೇಕು. ಶಿಕ್ಷಕ ವೃತ್ತಿಯಲ್ಲಿರುವ ನನಗೆ ಇದು ಬೇಗ ಅರ್ಥವಾಯಿತು. ತರಗತಿಯ ಸರಾಸರಿ ಅಂಕ ಏರಬೇಕಾದರೆ ಕೆಲವು ಜಾಣ ಮಕ್ಕಳು ಬೇಕು. ಈ ಲೆಕ್ಕದಲ್ಲಿ ಒಂದು ಎಲೆಕ್ಟ್ರಿಕ್ ಕಾರನ್ನು ಮೂರೆಂದೂ, ಒಂದು ಪೂರ್ಣ ಹೈಬ್ರಿಡ್ ಕಾರನ್ನು ಎರಡೆಂದೂ ಎಣಿಸುವ ಸೌಲಭ್ಯ ಕೊಡಲಾಯಿತು. ದೊಡ್ಡ ಡೀಸೆಲ್ ಗಾಡಿ ಮಾರುವ ಕಂಪನಿಗೆ ಜತೆಯಲ್ಲಿ ಎಲೆಕ್ಟ್ರಿಕ್ ಗಾಡಿ ಬೇಕಾಗುವುದು ಇದೇ ಕಾರಣಕ್ಕೆ.

ತೆರಿಗೆಯೂ ಹಾಗೆಯೇ. 2019ರ ಆಗಸ್ಟಿನಿಂದ ಎಲೆಕ್ಟ್ರಿಕ್ ಕಾರಿಗೆ ಜಿ.ಎಸ್.ಟಿ. ಶೇ. 5 ಮಾತ್ರ; ಹೈಬ್ರಿಡ್‌ಗೆ ಸೆಸ್ ಸೇರಿ ಶೇ. 43 ಇತ್ತು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳಿಗೆ ಶೇ. 18, ದೊಡ್ಡವಕ್ಕೆ ಶೇ. 40 ಎಂದು ದರ ಬದಲಾಯಿತು, ಎಲೆಕ್ಟ್ರಿಕ್‌ಗೆ ಶೇ. 5 ಮುಂದುವರಿಯಿತು. ಟಾಟಾ ಕಂಪನಿ 2020ರಲ್ಲಿ ನೆಕ್ಸನ್, 2022ರಲ್ಲಿ ಟಿಯಾಗೊ ಎಲೆಕ್ಟ್ರಿಕ್ ತಂದು ಮುಂದೆ ಓಡಿತು. 2024ರಲ್ಲಿ ಎಂ.ಜಿ. ಕಂಪನಿ ವಿಂಡ್ಸರ್ ಕಾರನ್ನು ಬ್ಯಾಟರಿ ಇಲ್ಲದ ಬೆಲೆಗೆ ಮಾರಿ, ಬ್ಯಾಟರಿಗೆ ಕಿಲೋಮೀಟರ್ ಲೆಕ್ಕದಲ್ಲಿ ಬಾಡಿಗೆ ಪಡೆಯುವ ಹೊಸ ಉಪಾಯ ಹೂಡಿತು. ಯಂತ್ರದಲ್ಲಿ ಮಾತ್ರವಲ್ಲ, ಬೆಲೆ ಹೇಳುವ ರೀತಿಯಲ್ಲೂ ಪೈಪೋಟಿ ನಡೆದಿದೆ.

ಮೊದಲು ಬಂದವರು ಗೆಲ್ಲಲಿಲ್ಲ

ಎಲೆಕ್ಟ್ರಿಕ್ ಕಾರು ನಮ್ಮ ರಾಜ್ಯಕ್ಕೆ ಹೊಸದೇನೂ ಅಲ್ಲ. 2001ರಲ್ಲೇ ಬೆಂಗಳೂರಿನಲ್ಲಿ ಚೇತನ್ ಮೈನಿ ಅವರ ರೇವಾ ಕಾರು ಬಂದಿತ್ತು. ಮುಂದೆ ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು, ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 80 ಕಿ.ಮೀ. ಆದರೆ ಅದರ ಹತ್ತಿರದ ಬೆಲೆಗೆ ಐದು ಜನ ಕೂರುವ, ಎಲ್ಲಿ ಬೇಕಾದರೂ ಹೋಗುವ ಪೆಟ್ರೋಲ್ ಕಾರು ಸಿಗುತ್ತಿತ್ತು. ಕುಟುಂಬಗಳು ಪೆಟ್ರೋಲ್ ಕಾರನ್ನೇ ಆರಿಸಿದವು. ಅದೇ ಪುಟ್ಟ ರೇವಾ ಲಂಡನ್ನಿನಲ್ಲಿ ಜಿ-ವಿಜ್ ಎಂಬ ಹೆಸರಿನಲ್ಲಿ ಓಡಾಡಿತು. ಅಲ್ಲಿ ನಗರದ ನಡುವೆ ಕಾರು ತಂದರೆ ಕೊಡಬೇಕಾದ ಶುಲ್ಕದಿಂದ ಎಲೆಕ್ಟ್ರಿಕ್ ಕಾರಿಗೆ ವಿನಾಯಿತಿ ಇತ್ತು. ಕಾರು ಒಂದೇ, ನಿಯಮ ಬೇರೆ, ಫಲ ಬೇರೆ. 2010ರಲ್ಲಿ ರೇವಾ ಮಹೀಂದ್ರದ ಕೈ ಸೇರಿತು.

ಇನ್ನೂ ಹಿಂದಕ್ಕೆ ಹೋದರೆ, ನೂರು ವರ್ಷಗಳಿಗೂ ಹಿಂದೆ ಅಮೆರಿಕದ ಪಟ್ಟಣಗಳಲ್ಲಿ ಎಲೆಕ್ಟ್ರಿಕ್ ಕಾರುಗಳು ಓಡುತ್ತಿದ್ದವು, ಮಹಿಳೆಯರಿಗೆ ಅವು ಅಚ್ಚುಮೆಚ್ಚಾಗಿದ್ದವು. ಪೆಟ್ರೋಲ್ ಕಾರನ್ನು ಕಬ್ಬಿಣದ ಹಿಡಿಯಿಂದ ತಿರುಗಿಸಿ ಶುರು ಮಾಡಬೇಕಿತ್ತು. ಕೈ ಮುರಿಯುವ ಭಯವಿತ್ತು. ಪೆಟ್ರೋಲ್ ಕಾರಿನ ದೊರೆ ಹೆನ್ರಿ ಫೋರ್ಡ್ ಅವರ ಪತ್ನಿ ಕ್ಲಾರಾ ಸ್ವತಃ ಎಲೆಕ್ಟ್ರಿಕ್ ಕಾರು ಓಡಿಸುತ್ತಿದ್ದರು! 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ಬಟನ್ ಒತ್ತಿ ಶುರು ಮಾಡುವ ಸ್ಟಾರ್ಟರ್ ಬಂತು. ಇತ್ತ ಫೋರ್ಡ್ ತನ್ನ ಟಿ ಮಾದರಿಯ ಬೆಲೆಯನ್ನು 850 ಡಾಲರಿನಿಂದ ಇಳಿಸುತ್ತಾ 300ಕ್ಕೂ ಕೆಳಗೆ ತಂದರು. ಎಲೆಕ್ಟ್ರಿಕ್ ಕಾರು ಮರೆಯಾಯಿತು.

ಕ್ಲಚ್ ಇಲ್ಲದ ಕಾರು

ಪೈಪೋಟಿಯಿಂದ ನಷ್ಟ ಮಾತ್ರ ಎಂದು ಹೇಳಿದರೆ ಅನ್ಯಾಯವಾದೀತು. ನಮ್ಮ ಹೆಣ್ಣುಮಕ್ಕಳಿಗೆ ಅದು ಒಂದು ಒಳ್ಳೆಯ ಕೊಡುಗೆಯನ್ನೂ ಕೊಟ್ಟಿದೆ. ಮೊದಲು ಆಟೊಮ್ಯಾಟಿಕ್ ಗೇರು ಶ್ರೀಮಂತರ ಕಾರಿಗೆ ಮೀಸಲು. 2014ರ ಫೆಬ್ರವರಿಯಲ್ಲಿ ಮಾರುತಿ ಸೆಲೆರಿಯೊದಲ್ಲಿ ಎ.ಎಂ.ಟಿ. ಎಂಬ ಅಗ್ಗದ ಉಪಾಯ ಬಂತು. ಸಾಮಾನ್ಯ ಗೇರುಪೆಟ್ಟಿಗೆಗೇ ಒಂದು ಸಣ್ಣ ಯಂತ್ರ ಕೂರಿಸಿ, ಕ್ಲಚ್ ಒತ್ತಿ ಗೇರು ಬದಲಿಸುವ ಕೆಲಸವನ್ನು ಅದಕ್ಕೆ ಒಪ್ಪಿಸಿದರು. ಜನ ಮುಗಿಬಿದ್ದದ್ದನ್ನು ನೋಡಿ ಅದೇ ವರ್ಷ ಟಾಟಾ ತಂದಿತು, 2016ರಲ್ಲಿ ರೆನೊ ಕ್ವಿಡ್‌ಗೆ ಬಂತು, 2018ರಲ್ಲಿ ಹುಂಡೈ ಸ್ಯಾಂಟ್ರೊಗೆ ಬಂತು. 2024ರಲ್ಲಿ ಟಾಟಾ ಸಿ.ಎನ್.ಜಿ. ಕಾರಿಗೂ ಇದನ್ನು ಹಾಕಿತು.

ನನ್ನ ನಾದಿನಿಯೊಬ್ಬಳು ಮೂರು ಸಲ ಡ್ರೈವಿಂಗ್ ಕಲಿಯಲು ಹೋಗಿ, ರೈಲ್ವೆ ಗೇಟಿನ ಏರಿನಲ್ಲಿ ಕಾರು ಹಿಂದಕ್ಕೆ ಜಾರಿದ ಭಯಕ್ಕೆ ಬಿಟ್ಟುಬಿಟ್ಟಿದ್ದಳು. ಕ್ಲಚ್ ಇಲ್ಲದ ಕಾರು ಬಂದ ಮೇಲೆ ಎರಡು ವಾರದಲ್ಲಿ ಕಲಿತಳು. ಅತ್ತೆಗೆ ರಾತ್ರಿ ಎದೆನೋವು ಬಂದಾಗ ಮನೆಯಲ್ಲಿ ಗಂಡಸರು ಯಾರೂ ಇರಲಿಲ್ಲ. ಅವಳೇ ದಾವಣಗೆರೆಯ ಆಸ್ಪತ್ರೆಗೆ ಕರೆದೊಯ್ದಳು. ಒಂದು ಕಂಪನಿ ಮಾರಾಟಕ್ಕಾಗಿ ಮಾಡಿದ ಉಪಾಯ ಒಂದು ಮನೆಯಲ್ಲಿ ಜೀವ ಉಳಿಸಿತು. ಗಿರಾಕಿಯ ಅಗತ್ಯವನ್ನು ಕಂಪನಿಗಳು ಗಮನಿಸುತ್ತವೆ. ಆದರೆ ನಾವು ಮೊದಲು ನಮ್ಮ ಅಗತ್ಯವನ್ನು ಗಮನಿಸಬೇಕು.

ನಮ್ಮ ಲೆಕ್ಕ ನಾವೇ ಮಾಡೋಣ

ಕಾರು ಕೊಳ್ಳುವ ಮಾತು ಬಂದಾಗ ಮನೆಯ ಹೆಂಗಸರು ಸಾಮಾನ್ಯವಾಗಿ ಬಣ್ಣದ ಬಗ್ಗೆ ಮಾತ್ರ ಅಭಿಪ್ರಾಯ ಹೇಳುತ್ತಾರೆ. ಆದರೆ ಹಣ ಸಾಲದಿದ್ದಾಗ ಹೊರಬರುವುದು ಅವರ ಬಳೆ. ಆದ್ದರಿಂದ ಇಂಜಿನ್ನಿನ ಲೆಕ್ಕದಲ್ಲೂ ಅವರು ಕುಳಿತುಕೊಳ್ಳಬೇಕು. ಕಷ್ಟದ ಲೆಕ್ಕವೇನಲ್ಲ, ಮನೆ ಖರ್ಚಿನ ಪುಸ್ತಕ ಬರೆಯುವವರಿಗೆ ಹತ್ತು ನಿಮಿಷದ ಕೆಲಸ.

ಒಂದು, ತಿಂಗಳಿಗೆ ನಿಜವಾಗಿ ಎಷ್ಟು ಕಿಲೋಮೀಟರ್ ಓಡುತ್ತೇವೆ ಎಂಬುದನ್ನು ಬರೆದಿಡಿ. ಎರಡು, ಎರಡು ಬಗೆಯ ಕಾರುಗಳ ಬೆಲೆಯ ವ್ಯತ್ಯಾಸವನ್ನು ವರ್ಷದ ಉಳಿತಾಯದಿಂದ ಭಾಗಿಸಿ. ಬರುವ ಸಂಖ್ಯೆಯೇ ಹಣ ಹಿಂದಿರುಗುವ ವರ್ಷಗಳು. ಅದು ಐದಕ್ಕಿಂತ ಹೆಚ್ಚಾದರೆ ದುಬಾರಿ ಇಂಜಿನ್ ನಮ್ಮದಲ್ಲ. ಮೂರು, ಬರೀ ಶಾಲೆ–ಸಂತೆಯ ಓಡಾಟಕ್ಕೆ ಬಿ.ಎಸ್. 6 ಡೀಸೆಲ್ ಕಾರು ಬೇಡ. ಅದರ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಜಾಲರಿಯಿದೆ. ಆಗಾಗ ದೂರದ ವೇಗದ ಓಟವಿಲ್ಲದಿದ್ದರೆ ಅದು ಕಟ್ಟಿಕೊಳ್ಳುತ್ತದೆ. ನಾಲ್ಕು, ಎಲೆಕ್ಟ್ರಿಕ್ ಕಾರಿಗೆ ಮನೆಯಲ್ಲೇ ಚಾರ್ಜ್ ಮಾಡುವ ಜಾಗ ಇದೆಯೇ ನೋಡಿ. ಓಣಿಯಲ್ಲಿ ಕಾರು ನಿಲ್ಲಿಸುವವರಿಗೆ ಅದು ಸುಲಭವಲ್ಲ; ಅಂಗಳವಿರುವವರಿಗೆ ಪಟ್ಟಣದ ಓಡಾಟಕ್ಕೆ ಅದರಷ್ಟು ಅಗ್ಗ ಬೇರೆ ಇಲ್ಲ. ಐದು, ಸಿ.ಎನ್.ಜಿ. ಕೊಳ್ಳುವ ಮೊದಲು ನಾವು ದಿನವೂ ಹೋಗುವ ದಾರಿಯಲ್ಲಿ ಬಂಕ್ ಇದೆಯೇ, ಡಿಕ್ಕಿಯಲ್ಲಿ ಸಾಮಾನಿಗೆ ಜಾಗ ಉಳಿಯುತ್ತದೆಯೇ ಕೇಳಿ. ಡಿಕ್ಕಿಯ ದೂರು ಹೆಚ್ಚಿದ ಮೇಲೆಯೇ ಟಾಟಾ 2023ರಲ್ಲಿ ಒಂದು ದೊಡ್ಡ ಸಿಲಿಂಡರಿನ ಬದಲು ಎರಡು ಸಣ್ಣದನ್ನು ನೆಲದಡಿ ಇಟ್ಟಿತು. ಮರುವರ್ಷ ಹುಂಡೈ ಅದನ್ನೇ ಮಾಡಿತು. ಗಿರಾಕಿಯ ದೂರಿಗೂ ಬೆಲೆಯಿದೆ.

ಇಂದು ಅಗ್ಗವಾಗಿರುವುದು ಹತ್ತು ವರ್ಷದ ನಂತರವೂ ಅಗ್ಗವಾಗಿರುತ್ತದೆ ಎಂದು ಯಾರೂ ಭರವಸೆ ಕೊಡಲಾರರು. ತೆರಿಗೆ ಬದಲಾಗುತ್ತದೆ, ಬೆಲೆ ಬದಲಾಗುತ್ತದೆ, ಕಂಪನಿಗಳು ಒಂದೇ ವರ್ಷದಲ್ಲಿ ಇಂಜಿನ್ ಬಿಟ್ಟು ಮುಂದೆ ಹೋಗುತ್ತವೆ. ಅವುಗಳಿಗೆ ನಷ್ಟ ತಡೆಯುವ ಶಕ್ತಿಯಿದೆ. ಒಂದು ಕುಟುಂಬಕ್ಕೆ ಕಾರು ಹತ್ತು ವರ್ಷದ ಸಂಗಾತಿ.

ಆ ನಿಕಾಹ್ ದಿನ ಸಂಜೆ ಖಾಲಾಗೆ ಈ ಎಲ್ಲವನ್ನೂ ನನಗೆ ತಿಳಿದಷ್ಟು ವಿವರಿಸಿದೆ. ಅವರು ಎಲೆ ಅಡಿಕೆ ಹಾಕಿಕೊಳ್ಳುತ್ತಾ ಹೇಳಿದರು: "ಹಾಗಾದ್ರ ಬೀಜದಂಗ ಆತು. ಅಂಗಡಿಯವ ತನಗ ಲಾಭ ಇರೋದನ್ನ ಮುಂದಿಡ್ತಾನ. ನಮ್ಮ ಹೊಲಕ್ಕ ಯಾವುದು ಹೊಂದ್ತದ ಅಂತ ನೋಡೋದು ನಮ್ಮ ಕೆಲಸ." ಪಕ್ಕದಲ್ಲಿ ಕುಳಿತಿದ್ದ ತಮ್ಮನ ಹೆಂಡತಿ ತನ್ನ ಬರಿಗೈಗಳನ್ನು ನೋಡಿಕೊಂಡು ಮುಗುಳ್ನಕ್ಕಳು. ಈಗ ಅವರ ಮನೆಗೆ ಎರಡನೆಯ ಕಾರಿನ ಮಾತು ನಡೆದಿದೆ. ಈ ಸಲ ಲೆಕ್ಕದ ಪುಸ್ತಕ ಅವಳ ಕೈಯಲ್ಲಿದೆ.